ಅಪ್‌ಡೇಟ್: ಬೆಳಗಿನ ಓಟದ ಹುರುಪು ಮರಳಿದೆ

ಬೆಳಿಗ್ಗೆ ಎದ್ದರೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡಲು ಮನಸ್ಸು ಬರುವುದಿಲ್ಲ, ಇದಕ್ಕೆ ಮೊಬೈಲ್ ಕಾರಣವಿರಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದರು. ನನ್ನ ಮಟ್ಟಿಗೆ ಹೌದು.

ಫಲ ಕೊಟ್ಟದ್ದು ಅತ್ಯಂತ ಸರಳ ಸಲಹೆ: ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ತಲೆದೆಸೆಯಲ್ಲಿ ಅಲಾರಾಂ ಗಡಿಯಾರ ಇಟ್ಟುಕೊಳ್ಳುವುದು. ಓಡಿ ಬರುವವರೆಗೂ ಮೊಬೈಲ್ ಮುಟ್ಟುವುದಿಲ್ಲ. ಇದನ್ನು ಸೂಚಿಸಿದವರಿಗೆ ಮನಸಾರೆ ಧನ್ಯವಾದ. ಪರದೆಯನ್ನು ಕಪ್ಪು-ಬಿಳುಪಾಗಿಸಿದ್ದರಿಂದ ಏನೂ ಆಗಲಿಲ್ಲ. ರೀಲ್ಸ್ ಬಣ್ಣವಿಲ್ಲದೆಯೂ ಎಳೆಯುತ್ತವೆ. ಸಮಯಮಿತಿಯ ಆ್ಯಪ್ ಕೂಡ ಹಾಗೆಯೇ, ಒಂದು ಗುಂಡಿ ಒತ್ತಿದರೆ ಮಿತಿ ಮುಂದಕ್ಕೆ ಹೋಗುತ್ತದೆ.

ನನಗೆ ಅಚ್ಚರಿ ತಂದದ್ದು ಬೇರೆ. ತೊಂದರೆಯೆಲ್ಲ ನಿದ್ದೆಗೆಟ್ಟಿದ್ದರಿಂದ ಎಂದುಕೊಂಡಿದ್ದೆ. ಆದರೆ ಚೆನ್ನಾಗಿ ನಿದ್ದೆ ಮಾಡಿದ ದಿನವೂ, ಓಡುವ ಮುನ್ನ ಮೊಬೈಲ್ ನೋಡುತ್ತ ಕುಳಿತರೆ ಕಾಲು ಭಾರವೆನಿಸುತ್ತಿತ್ತು. ಹುಡುಕಿದಾಗ ವ್ಯಾಯಾಮ ವಿಜ್ಞಾನಿ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರ 2009ರ ಅಧ್ಯಯನ ಸಿಕ್ಕಿತು. 90 ನಿಮಿಷ ಗಮನ ಬೇಡುವ ಕಂಪ್ಯೂಟರ್ ಕೆಲಸ ಮಾಡಿದ ಮೇಲೆ ಸೈಕಲ್ ತುಳಿದವರು ಸರಾಸರಿ 640 ಸೆಕೆಂಡಿಗೆ ಕೈಚೆಲ್ಲಿದರು. ಆ ಕೆಲಸವಿಲ್ಲದಾಗ ಅವರೇ 754 ಸೆಕೆಂಡು ತುಳಿದಿದ್ದರು. ಹೃದಯ, ಸ್ನಾಯುಗಳ ಸಾಮರ್ಥ್ಯ ಕುಗ್ಗಿರಲಿಲ್ಲ, ಶ್ರಮವೇ ಹೆಚ್ಚೆನಿಸಿತ್ತು. ಅದು ಮೊಬೈಲ್ ಕುರಿತ ಪ್ರಯೋಗವಲ್ಲ, ಆದರೂ ನನ್ನ ಅನುಭವಕ್ಕೆ ಬಹಳ ಹತ್ತಿರವಾಗಿದೆ.

ರಾತ್ರಿ ಊರಿನಿಂದ ತುರ್ತು ಕರೆ ಬಂದರೆ ಹೇಗೆ ಎಂದು ಒಬ್ಬರು ಕೇಳಿದ್ದರು. ರಿಂಗ್ ಜೋರಾಗಿ ಇಟ್ಟಿದ್ದೇನೆ, ಮಲಗುವ ಕೋಣೆಗೆ ಸ್ಪಷ್ಟವಾಗಿ ಕೇಳಿಸುತ್ತದೆ.