ಬಾಡಿಗೆದಾರರೊಂದಿಗೆ ರಾಜಿಯಾಗುವಾಗ ದಾವೆಯನ್ನು ಹಿಂಪಡೆಯಬೇಕೇ?

ಪ್ರಶ್ನೆ (ಮನೆ ಮಾಲೀಕರು, ಮೈಸೂರು):
ನಮ್ಮ ಮನೆಯನ್ನು ತಿಂಗಳಿಗೆ 14,000 ರೂಪಾಯಿ ಬಾಡಿಗೆಗೆ, 1,50,000 ರೂಪಾಯಿ ಅಡ್ವಾನ್ಸ್ ಪಡೆದು, ಹನ್ನೊಂದು ತಿಂಗಳ ಕರಾರಿನ ಮೇಲೆ ಕೊಟ್ಟಿದ್ದೆವು. ಅವಧಿ ಮುಗಿದು ಬಹಳ ಕಾಲವಾದರೂ ಖಾಲಿ ಮಾಡದ ಕಾರಣ ನೋಟಿಸ್ ಕೊಟ್ಟು ದಾವೆ ಹೂಡಿದ್ದೇವೆ. ಈಗ ಪಾಟೀಸವಾಲಿನ (ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುವ) ಹಂತದಲ್ಲಿ ಬಾಡಿಗೆದಾರರು ರಾಜಿಗೆ ಬಂದಿದ್ದಾರೆ: ಬಾಕಿ ಬಾಡಿಗೆಯನ್ನು ಮನ್ನಾ ಮಾಡಿ ಎಂಟು ತಿಂಗಳು ಕಾಲಾವಕಾಶ ಕೊಟ್ಟರೆ ಹೋಗುತ್ತೇವೆ, ಛಾಪಾ ಕಾಗದದ ಮೇಲೆ ಬರೆದುಕೊಳ್ಳೋಣ, ನೀವು ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎನ್ನುತ್ತಾರೆ. ಒಪ್ಪಬಹುದೇ? ನೀರು, ಕರೆಂಟು ತೆಗೆಸಿದರೆ ತಾವಾಗಿಯೇ ಹೋಗುತ್ತಾರೆ ಎಂದು ಬಂಧುಗಳು ಹೇಳುತ್ತಿದ್ದಾರೆ.

ಉತ್ತರ 1:
ರಾಜಿಗೆ ಒಪ್ಪಿ, ಆದರೆ ದಾವೆಯನ್ನು ಹಿಂಪಡೆಯಬೇಡಿ. ಛಾಪಾ ಕಾಗದದ ಕರಾರನ್ನು ಅವರು ಮುರಿದರೆ ನೀವು ಮತ್ತೆ ಹೊಸ ದಾವೆಯಿಂದಲೇ ಆರಂಭಿಸಬೇಕಾಗುತ್ತದೆ. ನ್ಯಾಯಾಲಯದ ಅನುಮತಿ ಪಡೆಯದೆ ದಾವೆಯನ್ನು ಹಿಂಪಡೆದಿದ್ದರೆ ಅದಕ್ಕೂ ತಕರಾರು ಬರುತ್ತದೆ. ಅದೇ ಷರತ್ತುಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಡಿ ರಾಜಿ ಅರ್ಜಿಯಾಗಿ ಬರೆದು, ಇಬ್ಬರೂ ಸಹಿ ಮಾಡಿ ನ್ಯಾಯಾಲಯಕ್ಕೆ ಸಲ್ಲಿಸಿದರೆ ಅದು ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪಿನ ಆಜ್ಞೆ, ಆಗುತ್ತದೆ. ಗಡುವು ಮೀರಿದ ಮರುದಿನವೇ ನೇರವಾಗಿ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ) ಹಾಕಬಹುದು. ಒಪ್ಪಿಗೆಯ ಡಿಕ್ರಿಯ ಮೇಲೆ ಅದೇ ಸಂಹಿತೆಯ ಕಲಂ 96(3)ರ ಪ್ರಕಾರ ಮೇಲ್ಮನವಿಯೂ ಇಲ್ಲ.

ನೀರು, ಕರೆಂಟು ತೆಗೆಸುವ ಮಾತನ್ನು ದಯವಿಟ್ಟು ಮರೆತುಬಿಡಿ. ನೆಲೆಯೂರಿ ಸ್ವಾಧೀನದಲ್ಲಿರುವವರನ್ನು, ಅಲ್ಲಿರುವ ಹಕ್ಕು ಮುಗಿದಿದ್ದರೂ, ಕಾನೂನಿನ ಮೂಲಕವೇ ಹೊರಹಾಕಬೇಕೆಂದು ಸುಪ್ರೀಂ ಕೋರ್ಟ್ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿಯೇ ಹೇಳಿದೆ. ಬಲವಂತವಾಗಿ ಹೊರಹಾಕಿದರೆ, ಅವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಗೆಲ್ಲುವ ಕೇಸನ್ನು ಕೈಯಾರೆ ಕೆಡಿಸಿಕೊಂಡಂತಾಗುತ್ತದೆ.

ಉತ್ತರ 2:
ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿರುವುದರಿಂದ, ಬಾಡಿಗೆದಾರರಿಗೆ ಹೆಚ್ಚಿನ ರಕ್ಷಣೆ ಕೊಡುವ ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮಗೆ ಅನ್ವಯಿಸುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 106ರಡಿ ಹದಿನೈದು ದಿನಗಳ ನೋಟಿಸ್ ಸಾಕು, ಸ್ವಂತ ಉಪಯೋಗದಂತಹ ಕಾರಣವನ್ನು ಸಾಬೀತುಪಡಿಸುವ ಹೊರೆ ಇಲ್ಲ. ಆದ್ದರಿಂದ ನೀವು ಬಲಹೀನರಾಗಿ ರಾಜಿಗೆ ಕೂರುತ್ತಿಲ್ಲ. ಎಂಟು ತಿಂಗಳು ನನಗೆ ಹೆಚ್ಚೆನಿಸುತ್ತದೆ. ಅವರಿಗೆ ಶಾಲೆಗೆ ಹೋಗುವ ಮಕ್ಕಳಿದ್ದರೆ, ಶಾಲಾ ವರ್ಷ ಮುಗಿಯುವವರೆಗೆ ಎಂದರೆ ನ್ಯಾಯವಾದ ಮಾತು.

ಬಾಕಿಯನ್ನು ಈಗಲೇ ಮನ್ನಾ ಮಾಡಬೇಡಿ. ಗಡುವಿನೊಳಗೆ ಬೀಗದ ಕೈ ಕೊಟ್ಟರೆ ಮಾತ್ರ ಮನ್ನಾ, ತಪ್ಪಿದರೆ ಪೂರ್ತಿ ಬಾಕಿಯ ಜೊತೆಗೆ ಖಾಲಿ ಮಾಡುವವರೆಗೆ ದಿನಕ್ಕೆ ಇಂತಿಷ್ಟು ನಷ್ಟ ಪರಿಹಾರ ಎಂದು ಬರೆಸಿ. ಈ ತಿಂಗಳುಗಳಲ್ಲಿ ಪಡೆಯುವ ಹಣವನ್ನು ರಸೀದಿಯಲ್ಲಿ ಬಾಡಿಗೆ ಎನ್ನದೆ ಬಳಕೆಯ ಶುಲ್ಕವೆಂದೇ ನಮೂದಿಸಿ, ಇಲ್ಲದಿದ್ದರೆ ಹೊಸ ಬಾಡಿಗೆ ಶುರುವಾಯಿತೆಂಬ ವಾದ ಹುಟ್ಟುತ್ತದೆ. ಅಡ್ವಾನ್ಸನ್ನು ಬೀಗದ ಕೈ ಪಡೆಯುವ ದಿನವೇ, ವಿದ್ಯುತ್ ಮೀಟರಿನ ಅಂಕಿ ಬರೆದುಕೊಂಡು, ಬಾಕಿ ಬಿಲ್ಲು ಕಳೆದು ಹಿಂದಿರುಗಿಸುವುದು ಒಳ್ಳೆಯದು. ಪೇಂಟಿಂಗ್ ಹಣ ಎಷ್ಟು ಹಿಡಿಯುತ್ತೀರೆಂಬುದೂ ಅರ್ಜಿಯಲ್ಲಿಯೇ ಇರಲಿ. ಕೊನೆಯ ದಿನದ ಜಗಳಗಳು ಹೆಚ್ಚಾಗಿ ಅದರ ಮೇಲೆಯೇ ನಡೆಯುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮ ವಕೀಲರು ರಾಜಿಯಿಂದ ಕೇಸು ಮುಗಿಸುವ ಲೋಕ ಅದಾಲತ್‌ಗೆ ಒಯ್ಯೋಣ ಎನ್ನುತ್ತಾರೆ. ಅದರಿಂದ ಬೇರೆ ಲಾಭವಿದೆಯೇ?

ಉತ್ತರ 1:
ಇದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 21ರ ಪ್ರಕಾರ ಲೋಕ ಅದಾಲತ್ತಿನ ಐತೀರ್ಪು (ಅಲ್ಲಿ ದಾಖಲಾಗುವ ರಾಜಿಯ ಆದೇಶ) ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದನ್ನೂ ಹೀಗೆಯೇ ಜಾರಿ ಮಾಡಿಸಬಹುದು, ಅದರ ಮೇಲೂ ಮೇಲ್ಮನವಿ ಇಲ್ಲ. ಮೇಲಾಗಿ ನೀವು ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ. ಆದರೆ ಅಲ್ಲಿ ಒಂದೇ ದಿನ ಹತ್ತಾರು ಕೇಸುಗಳು ಮುಗಿಯುವುದರಿಂದ ಸಿದ್ಧ ನಮೂನೆಯ ಎರಡು ಸಾಲಿಗೆ ಸಹಿ ಹಾಕಿಬಿಡುವ ಅಪಾಯವಿದೆ. ಮೇಲೆ ಹೇಳಿದ ಷರತ್ತುಗಳನ್ನೆಲ್ಲ ಮೊದಲೇ ಟೈಪು ಮಾಡಿಸಿಕೊಂಡು ಹೋಗಿ, ಖಾಲಿ ಮಾಡುವ ತಾರೀಖನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ.