ಪದಚರ್ಚೆ: 'ಮೂಲ ಫ್ರೆಂಚ್ ಕಾರ್ಯಕ್ರಮ' ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಕೆನಡಾದ ಪ್ರಸಾರ ಕಾಯ್ದೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಸಿನಿಮಾ, ಟಿವಿ ನಿರ್ದೇಶಕರಿಗೆ ಆ ಕಾಯ್ದೆಯಿಂದ ಏನು ಬೇಕಿತ್ತು ಅನ್ನುವುದು ವಿಷಯ. ಅದರಲ್ಲಿ ಪದೇ ಪದೇ ಬರುವ ಒಂದು ಮಾತು 'ಒರಿಜಿನಲ್ ಫ್ರೆಂಚ್ ಲಾಂಗ್ವೇಜ್ ಪ್ರೋಗ್ರಾಮ್'. ನಿಘಂಟು ತೆಗೆದರೆ ಒರಿಜಿನಲ್ ಅಂದರೆ ಮೂಲ. 'ಮೂಲ ಫ್ರೆಂಚ್ ಕಾರ್ಯಕ್ರಮ' ಅಂತ ಬರೆದು ಮುಂದೆ ಹೋಗಬಹುದು. ಆದರೆ ಈ ಒಂದು ಪದವನ್ನು ನೆಚ್ಚಿಕೊಂಡು ಅಲ್ಲಿ ನಿರ್ದೇಶಕರ ಅನ್ನ ಇದೆ. ಓದುಗರಿಗೆ ಅದು ತಪ್ಪಾಗಿ ಅರ್ಥವಾದರೆ ಇಡೀ ಲೇಖನವೇ ದಾರಿ ತಪ್ಪುತ್ತದೆ.

ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ಕೆನಡಾದ ಪ್ರಸಾರ ಕಾಯ್ದೆ 1991ರದ್ದು. ಆಗ ನೆಟ್‌ಫ್ಲಿಕ್ಸ್ ತರಹದ್ದೇನೂ ಇರಲಿಲ್ಲ. ಅಂಥ ಕಂಪನಿಗಳನ್ನೂ ಕಾಯ್ದೆಯೊಳಗೆ ತರಲು 2020ರಲ್ಲಿ ಸಿ-10 ಎಂಬ ಮಸೂದೆ ಬಂತು. ಮರುವರ್ಷ ಚುನಾವಣೆ ಘೋಷಣೆಯಾಗಿ ಅದು ಬಿದ್ದುಹೋಯಿತು. ಆಮೇಲೆ ಸಿ-11 ಬಂದು, 2023ರ ಏಪ್ರಿಲ್ 27ರಂದು ಕಾಯ್ದೆಯಾಯಿತು. ಅದನ್ನು ಜಾರಿಗೆ ತರುವುದು ಸಿಆರ್‌ಟಿಸಿ ಎಂಬ ನಿಯಂತ್ರಣ ಸಂಸ್ಥೆ. ಉತ್ತರ ಅಮೆರಿಕದಲ್ಲಿ ಫ್ರೆಂಚ್ ಅಲ್ಪಸಂಖ್ಯಾತರ ಭಾಷೆ, ಹಾಗಾಗಿ ಫ್ರೆಂಚ್ ಪ್ರಸಾರದ ಅಗತ್ಯಗಳೇ ಬೇರೆ ಇರಬಹುದು ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ.

ಈಗ ತೊಡಕು ನೋಡಿ. ಟೊರಾಂಟೊದಲ್ಲಿ ಇಂಗ್ಲಿಷ್‌ನಲ್ಲಿ ಒಂದು ಸರಣಿ ತೆಗೆದರು ಅಂತಿಟ್ಟುಕೊಳ್ಳಿ. ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲಿ ಅದಕ್ಕೆ ಫ್ರೆಂಚ್ ಡಬ್ಬಿಂಗ್ ಆಯಿತು. ಅದು ಕೆನಡಾದ್ದೇ. ಕಿವಿಗೆ ಬೀಳುವುದೂ ಫ್ರೆಂಚೇ. ಡಬ್ಬಿಂಗ್ ಕಲಾವಿದರಿಗೆ ಕೆಲಸವೂ ಸಿಕ್ಕಿತು. ಆದರೆ ಫ್ರೆಂಚ್‌ನಲ್ಲಿ ಯೋಚಿಸಿ, ನಟರಿಗೆ ಫ್ರೆಂಚ್‌ನಲ್ಲಿ ಹೇಳಿಕೊಟ್ಟು ದೃಶ್ಯ ಕಟ್ಟುವ ನಿರ್ದೇಶಕನಿಗೆ ಅದರಲ್ಲಿ ಒಂದು ದಿನದ ಕೆಲಸವೂ ಇಲ್ಲ. ಇನ್ನೊಂದು ಕಡೆ, ಪ್ಯಾರಿಸ್‌ನಲ್ಲಿ ತೆಗೆದ ಪೊಲೀಸ್ ಸರಣಿಯೊಂದನ್ನು ಕ್ವಿಬೆಕ್ ಚಾನೆಲ್ ಕೊಂಡುಕೊಂಡಿತು ಅನ್ನೋಣ. ಅದು ಶುದ್ಧ ಫ್ರೆಂಚ್. ಆದರೆ ಕ್ವಿಬೆಕ್‌ನವರಿಗೆ ಅದರಿಂದಲೂ ಏನೂ ಗಿಟ್ಟುವುದಿಲ್ಲ. ಹೀಗಾಗಿ 'ಕೆನಡಾದ್ದು', 'ಫ್ರೆಂಚ್‌ನದ್ದು' ಎಂಬ ಎರಡು ಮಾತು ಸಾಲದು. 'ಒರಿಜಿನಲ್' ಎಂಬ ಆ ಮೂರನೇ ಪದ ಬೇಕೇ ಬೇಕು.

ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2017ರ ಉದಾಹರಣೆ ಇದೆ. ಆ ವರ್ಷ ಮೇ ತಿಂಗಳಲ್ಲಿ ಸಿಆರ್‌ಟಿಸಿ ದೊಡ್ಡ ಖಾಸಗಿ ಟಿವಿ ಗುಂಪುಗಳ ಲೈಸೆನ್ಸ್ ನವೀಕರಿಸಿತು. ಕೆನಡಾದ ಕಾರ್ಯಕ್ರಮಕ್ಕೆ ಇಂತಿಷ್ಟು ಖರ್ಚು ಮಾಡಿ ಅಂದಿತು. ಒರಿಜಿನಲ್ ಫ್ರೆಂಚ್ ಕಾರ್ಯಕ್ರಮಕ್ಕೆ ಇಂತಿಷ್ಟು ಅನ್ನಲಿಲ್ಲ. ಧಾರಾವಾಹಿಗಳಿಗೆಂದೇ ಇದ್ದ ಒಂದು ಫ್ರೆಂಚ್ ಚಾನೆಲ್ ತಯಾರಿಯಲ್ಲಿದ್ದ ಸರಣಿಗಳನ್ನು ಕೈಬಿಟ್ಟಿತು. ಕಲಾವಿದರು, ಲೇಖಕರು, ನಿರ್ದೇಶಕರು ಎಲ್ಲರೂ ಗಲಾಟೆ ಎಬ್ಬಿಸಿದರು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆ ತೀರ್ಮಾನವನ್ನು ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. ಬಿಟ್ಟುಹೋಗಿದ್ದದ್ದು ಒಂದು ಪದ, ಅಷ್ಟೇ.

ಸರಿ, ಕನ್ನಡಕ್ಕೆ ಬರೋಣ.

'ಮೂಲ' ನನಗೆ ಒಪ್ಪಿಗೆಯಾಗುತ್ತಿಲ್ಲ. 'ಭಾರತೀಯ ಮೂಲದವರು' ಅನ್ನುತ್ತೇವಲ್ಲ, ಹಾಗೆ 'ಮೂಲ ಫ್ರೆಂಚ್' ಅಂದರೆ ಫ್ರಾನ್ಸ್‌ನಿಂದ ಬಂದದ್ದು ಅಂತಲೇ ಜಾಸ್ತಿ ಜನ ಓದುತ್ತಾರೆ. ಅಂದರೆ ಪ್ಯಾರಿಸ್ ಸರಣಿ! ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. 'ಒರಿಜಿನಲ್' ಅಂತಲೇ ಬಿಡೋಣ ಅಂದರೆ ಈಗ ಆ ಪದವನ್ನು ಓಟಿಟಿಗಳು ಎತ್ತಿಕೊಂಡಿವೆ. ಒರಿಜಿನಲ್ ಅಂದರೆ ಆ ಕಂಪನಿಯದ್ದೇ ಶೋ, ಬೇರೆಲ್ಲೂ ಸಿಗದ್ದು ಅಂತ ಆಗಿದೆ.

ಗಾಂಧಿನಗರದ 'ಸ್ವಮೇಕ್' ಕೂಡ ತಲೆಗೆ ಬಂತು. ಎಂಥ ಚೆಂದದ ಪದ ಅಲ್ವಾ! ಅರ್ಧ ಸಂಸ್ಕೃತ, ಅರ್ಧ ಇಂಗ್ಲಿಷ್, ಪೂರ್ತಿ ಕನ್ನಡ. ಆದರೆ ಸ್ವಮೇಕ್ ನಿಂತಿರುವುದು ರೀಮೇಕ್‌ಗೆ ಎದುರಾಗಿ, ಡಬ್ಬಿಂಗ್‌ಗೆ ಎದುರಾಗಿ ಅಲ್ಲ. ಕಥೆ ಯಾರದ್ದು ಅಂತ ಅದು ಕೇಳುತ್ತದೆ, ಭಾಷೆ ಯಾವುದರಲ್ಲಿ ಹುಟ್ಟಿತು ಅಂತ ಕೇಳುವುದಿಲ್ಲ. ಬ್ರಿಟನ್ನಿನ 'ದಿ ಆಫೀಸ್' ಹಾಸ್ಯ ಸರಣಿಗೆ 2006ರಲ್ಲಿ ಕ್ವಿಬೆಕ್‌ನಲ್ಲಿ 'ಲಾ ಜಾಬ್' ಎಂಬ ಫ್ರೆಂಚ್ ರೂಪ ಬಂತು. ನಮ್ಮ ಲೆಕ್ಕದಲ್ಲಿ ಅದು ರೀಮೇಕ್. ಭಾಷೆಯ ಲೆಕ್ಕದಲ್ಲಿ ಒರಿಜಿನಲ್ ಫ್ರೆಂಚ್. ನಟರು, ಬರಹಗಾರರು, ನಿರ್ದೇಶನ ಎಲ್ಲ ಅಲ್ಲಿಯದೇ. ಬಿಗ್ ಬಾಸ್ ಕನ್ನಡವನ್ನು ನೆನೆಸಿಕೊಳ್ಳಿ. ಆಟದ ಕಲ್ಪನೆ ನೆದರ್ಲೆಂಡ್ಸ್‌ನದ್ದು, ಮಾತು-ಜಗಳ ಕನ್ನಡದ್ದೇ.

'ನೇರ ಫ್ರೆಂಚ್' ಅನ್ನಬಹುದಾ? ಡಬ್ ಆಗದ ಸಿನಿಮಾಕ್ಕೆ 'ನೇರ ಕನ್ನಡ ಸಿನಿಮಾ' ಅಂದರೆ ಅರ್ಥವಾಗುತ್ತದೆ. ಆದರೆ ಪ್ರಸಾರದ ಲೇಖನದಲ್ಲಿ ನೇರ ಅಂದ ಕೂಡಲೇ ಕ್ರಿಕೆಟ್ ಮ್ಯಾಚಿನ ನೇರ ಪ್ರಸಾರ ಕಣ್ಣಿಗೆ ಬರುತ್ತದೆ.

ಸದ್ಯಕ್ಕೆ ನಾನು 'ಫ್ರೆಂಚ್‌ನಲ್ಲೇ ತಯಾರಾದ ಕಾರ್ಯಕ್ರಮ' ಅಂತ ಬರೆದುಕೊಂಡಿದ್ದೇನೆ. ಆ 'ಲ್ಲೇ' ಬಹುಪಾಲು ಕೆಲಸ ಮಾಡುತ್ತದೆ. 'ಫ್ರೆಂಚ್‌ನಲ್ಲೇ ಚಿತ್ರೀಕರಿಸಿದ' ಇನ್ನೂ ನಿಖರ, ಆದರೆ ಅನಿಮೇಷನ್‌ಗೆ ಹೊಂದುವುದಿಲ್ಲ. ಅಲ್ಲಿ ಚಿತ್ರೀಕರಣವೇ ಇಲ್ಲವಲ್ಲ. ನಿಮಗೆ ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಇನ್ನೆರಡು ಸಣ್ಣ ತೊಡಕುಗಳಿವೆ. ಕ್ವಿಬೆಕ್ ನಿರ್ದೇಶಕರ ಸಂಘದ ಚಿಕ್ಕ ಹೆಸರು ಎಆರ್‌ಆರ್‌ಕ್ಯೂ. ಪೂರ್ತಿ ಹೆಸರಿನಲ್ಲೇ ನಿರ್ದೇಶಕರು, ನಿರ್ದೇಶಕಿಯರು ಅಂತ ಎರಡೂ ಇದೆ. ಇವರು ಕಂಪನಿಯ ನೌಕರರಲ್ಲ. ಒಂದೊಂದು ಪ್ರಾಜೆಕ್ಟಿಗೆ ಒಪ್ಪಂದ ಮಾಡಿಕೊಂಡು ದುಡಿಯುವವರು. ಇಂಥವರಿಗೆ ಇಂಗ್ಲಿಷ್‌ನಲ್ಲಿ ಹೇಳುವ 'ಇಂಡಿಪೆಂಡೆಂಟ್ ಕಾಂಟ್ರಾಕ್ಟರ್' ಎಂಬ ಮಾತನ್ನು 'ಸ್ವತಂತ್ರ ಗುತ್ತಿಗೆದಾರ' ಅಂತ ತಂದರೆ ನಮ್ಮಲ್ಲಿ ರಸ್ತೆಗೆ ಟಾರು ಹಾಕಿಸುವವರು ನೆನಪಾಗುತ್ತಾರೆ. 'ಗುತ್ತಿಗೆ ನೌಕರ' ಅಂದರೆ ಕಾಯಂ ಆಗಲಿ ಅಂತ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರು. ಎರಡೂ ಸರಿಯಲ್ಲ. 'ಫ್ರೀಲಾನ್ಸ್ ನಿರ್ದೇಶಕ' ಅಂತಲೇ ಬಿಡಬೇಕು ಅನಿಸುತ್ತದೆ. ಬರೀ 'ನಿರ್ದೇಶಕ' ಅಂದರೂ ಕಷ್ಟ. ಇಲಾಖೆಗೂ ನಿರ್ದೇಶಕರಿದ್ದಾರೆ, ಕಂಪನಿಗೂ ಇದ್ದಾರೆ.

ನೌಕರರಲ್ಲದಿದ್ದರೂ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಇವರಿಗಿದೆ. ಕ್ವಿಬೆಕ್‌ನ 1987ರ ಕಲಾವಿದರ ಸ್ಥಾನಮಾನ ಕಾಯ್ದೆ ಅದನ್ನು ಕೊಟ್ಟಿತು. 2022ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಸಂಘವು ನಿರ್ಮಾಪಕರ ಸಂಘದ ಜೊತೆ ಕೂತು ಸಾಮೂಹಿಕ ಒಪ್ಪಂದ ಮಾಡಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಗೆ ಯಾರನ್ನೂ ದುಡಿಸುವಂತಿಲ್ಲ. ಹೆಚ್ಚಿಗೆ ಕೇಳಲು ಅಡ್ಡಿಯಿಲ್ಲ. ಫ್ರೆಂಚ್‌ನಲ್ಲಿ ಇದಕ್ಕೆ 'ಕನಿಷ್ಠ ಕಂಡೀಷನ್'ಗಳು ಅನ್ನುತ್ತಾರೆ. 'ಕೆಲಸದ ಪರಿಸ್ಥಿತಿ' ಅಂತ ಮಾಡಿದರೆ ಶೆಕೆ, ಧೂಳು, ರಾತ್ರಿಪಾಳಿ ಅಷ್ಟೇ ಹೊಳೆಯುತ್ತದೆ. ಇಲ್ಲಿರುವುದು ದುಡ್ಡು, ಹಕ್ಕು, ಒಪ್ಪಂದದ ಮಾತು. ಹಾಗಾಗಿ 'ಷರತ್ತು' ವಾಸಿ. ದುಡ್ಡಿಗೆ 'ಕನಿಷ್ಠ ಸಂಭಾವನೆ' ಸರಿಹೋಗುತ್ತದೆ. 'ಕನಿಷ್ಠ ಕೂಲಿ' ಬೇಡ.

ಆದರೆ ಒಂದು ಮಾತು. ಈ ಕನಿಷ್ಠ ಸಂಭಾವನೆ ಸಿಗುವುದು ಪ್ರಾಂತ್ಯದ ಕಾಯ್ದೆಯಡಿ. ಪ್ರಸಾರ ಕಾಯ್ದೆ ಕೇಂದ್ರದ್ದು. ಪ್ರಾಂತ್ಯದ ಕಾಯ್ದೆ ದರ ಉಳಿಸಿಕೊಡುತ್ತದೆ, ಕೆಲಸ ಹುಟ್ಟಿಸುವುದಿಲ್ಲ. ಸೆಟ್ಟೇ ಇಲ್ಲದಿದ್ದರೆ ದರಪಟ್ಟಿ ಇಟ್ಟುಕೊಂಡು ಏನು ಮಾಡುವುದು? ಅದಕ್ಕೇ ನಿರ್ದೇಶಕರು ಪ್ರಸಾರ ಕಾಯ್ದೆಯಲ್ಲಿ 'ಒರಿಜಿನಲ್ ಫ್ರೆಂಚ್' ಬರಲೇಬೇಕು ಅಂತ ಪಟ್ಟು ಹಿಡಿದದ್ದು. ಅದು ಬಂತು.

ಅವರಿಗೆ ಬೇಸರ ತಂದದ್ದು ಇನ್ನೊಂದು ವಾಕ್ಯ. ಕೆನಡಾದ ಪ್ರತಿಭೆ, ದುಡಿಮೆಯನ್ನು ಎಷ್ಟು ಬಳಸಬೇಕು ಅನ್ನುವ ಕಡೆ ಕಾಯ್ದೆ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಕೆನಡಾದ ಪ್ರಸಾರ ಸಂಸ್ಥೆಗಳಿಗೆ 'ಗರಿಷ್ಠ ಮಟ್ಟದಲ್ಲಿ, ಏನೇ ಆದರೂ ಅವರದೇ ಪ್ರಾಧಾನ್ಯ ಇರುವಂತೆ' ಬಳಸಿ ಅನ್ನುತ್ತದೆ. ವಿದೇಶಿ ಆನ್‌ಲೈನ್ ಕಂಪನಿಗಳಿಗೆ 'ಕಾರ್ಯಸಾಧ್ಯವಾದಷ್ಟು ಹೆಚ್ಚು' ಬಳಸಿದರೆ ಸಾಕು. ಈ ಎರಡನೆಯದನ್ನು 'ಸಾಧ್ಯವಾದಷ್ಟು' ಅಂತ ಹಾಕಲು ಕೈ ತಡೆಯುತ್ತದೆ. ನಮ್ಮ ಸುತ್ತೋಲೆಗಳಲ್ಲಿ 'ಸಾಧ್ಯವಾದಷ್ಟೂ ಕನ್ನಡ ಬಳಸಿ' ಅಂದರೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಕಾಯ್ದೆ ಅಷ್ಟು ಸಡಿಲ ಅಲ್ಲ, ಮೊದಲಿನದರಷ್ಟು ಬಿಗಿಯೂ ಅಲ್ಲ. 'ಕೈಲಾದ ಮಟ್ಟಿಗೆ' ಅಂದರೆ ಕಂಪನಿಗಳ ಬಡತನ ನೋಡಿ ಕರುಣೆ ಹುಟ್ಟುತ್ತದೆ!

ಕಾನೂನು ಕನ್ನಡ ಬಲ್ಲವರು ಇದ್ದೀರಿ. ಕೋರ್ಟಿನ ಅನುವಾದಗಳಲ್ಲಿ 'ಪ್ರಾಕ್ಟಿಕಬಲ್' ಅನ್ನುವುದನ್ನು ಏನು ಮಾಡುತ್ತಾರೆ? 'ಪ್ರಿಡಾಮಿನೆಂಟ್'ಗೆ ನಾನು ಹಾಕಿರುವ 'ಪ್ರಾಧಾನ್ಯ' ತೂಕ ತಪ್ಪುತ್ತಾ? ಅರ್ಧಕ್ಕಿಂತ ಜಾಸ್ತಿ ಅನ್ನುವ ಅರ್ಥ ಅದರಲ್ಲಿ ಬರಬೇಕು. 'ಸಿಂಹಪಾಲು' ಅಂತ ಒಬ್ಬರು ಸೂಚಿಸಿದರು. ಲೇಖನಕ್ಕೆ ಚೆನ್ನಾಗಿದೆ, ಕಾಯ್ದೆಯ ಮಾತಿಗೆ ಒಗ್ಗುತ್ತದಾ ನೋಡಿ ಹೇಳಿ.