ನೋಟಿಸಿನಲ್ಲಿ 459.5 ಎಂದಿದೆ, ಇದು ಕನ್ನಗಳವೇ?

ಪ್ರಶ್ನೆ (ಹೆಸರು ಬೇಡವೆಂದು ಕೋರಿದ್ದಾರೆ): ವಕೀಲರಿಗೆ ನಮಸ್ಕಾರ. ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಎಂ.ಎಸ್. ಓದುತ್ತಿದ್ದಾನೆ, ಎಫ್-1 ವೀಸಾ. ಹೋದ ವಾರ ಒಂದು ದೊಡ್ಡ ಅಂಗಡಿಯಲ್ಲಿ, ನಾವೇ ಬಿಲ್ ಮಾಡಿಕೊಳ್ಳುವ ಕೌಂಟರಿನಲ್ಲಿ, ಕೆಲವು ವಸ್ತುಗಳನ್ನು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿಕೊಂಡನಂತೆ. ಒಟ್ಟು 140 ಡಾಲರ್. ಬಾಗಿಲ ಬಳಿ ತಡೆದರು, ಪೊಲೀಸರು ಬಂದು ಕೋರ್ಟಿಗೆ ಹಾಜರಾಗುವ ನೋಟಿಸಿಗೆ ಸಹಿ ಹಾಕಿಸಿಕೊಂಡು ಬಿಟ್ಟರು. ಅದರಲ್ಲಿ ಪೀನಲ್ ಕೋಡ್ 459.5 ಎಂದಿದೆ. ಹುಡುಕಿದರೆ 459 ಎಂದರೆ ಬರ್ಗ್ಲರಿ, ಅಂದರೆ ಕನ್ನಗಳವು ಎಂದು ಬರುತ್ತಿದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಜೈಲಾಗುತ್ತದೆಯೇ?

ಉತ್ತರ: ನಮಸ್ಕಾರ ಮೇಡಂ. ಚುಕ್ಕೆಯ ಮುಂದಿನ ಆ 5 ನಿಮ್ಮ ಪುಣ್ಯ. 459 ಬೇರೆ, 459.5 ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಬರ್ಗ್ಲರಿಗೆ ಬೀಗ ಒಡೆಯಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ. ಕದಿಯುವ ಉದ್ದೇಶ ಇಟ್ಟುಕೊಂಡು ಕಟ್ಟಡದೊಳಗೆ ಕಾಲಿಟ್ಟರೆ ಸಾಕು. ಹೀಗಾಗಿ ಹಿಂದೆ ಹಗಲು ಹೊತ್ತಿನಲ್ಲಿ ತೆರೆದ ಅಂಗಡಿಗೆ ಹೋಗಿ ಸೋಪು ಕದ್ದವರ ಮೇಲೂ ಬರ್ಗ್ಲರಿ ಹೊರಿಸಬಹುದಿತ್ತು. 2014ರಲ್ಲಿ ಮತದಾರರು ಪ್ರೊಪೊಸಿಷನ್ 47ಕ್ಕೆ (ಜನರ ಮತಕ್ಕೆ ಹಾಕಿದ ಕಾನೂನು ಪ್ರಸ್ತಾವ) ಒಪ್ಪಿಗೆ ಕೊಟ್ಟಾಗ 459.5 ಬಂತು: ಅಂಗಡಿ ತೆರೆದಿರುವ ಹೊತ್ತು, ಮೊತ್ತ 950 ಡಾಲರಿನೊಳಗೆ ಇದ್ದರೆ ಅದು ಶಾಪ್‌ಲಿಫ್ಟಿಂಗ್ ಮಾತ್ರ. ಅದೇ ವಸ್ತುಗಳಿಗೆ ಬರ್ಗ್ಲರಿಯನ್ನೋ ಕಳವನ್ನೋ ಮೇಲಿಂದ ಸೇರಿಸುವಂತಿಲ್ಲ. ಇದು ಮಿಸ್‌ಡಿಮೀನರ್, ಅಂದರೆ ಸಣ್ಣ ದರ್ಜೆಯ ಅಪರಾಧ. ಗರಿಷ್ಠ ಆರು ತಿಂಗಳು ಕೌಂಟಿ ಜೈಲು, ಸಾವಿರ ಡಾಲರ್ ದಂಡ. ಮೊದಲ ಸಲ, 140 ಡಾಲರ್ ಎಂದರೆ ಸಾಮಾನ್ಯವಾಗಿ ಜೈಲಿನವರೆಗೆ ಹೋಗುವುದಿಲ್ಲ. ಮೊತ್ತ 950 ದಾಟಿದರೆ ಗ್ರ್ಯಾಂಡ್ ಥೆಫ್ಟ್. ಆಗ ಫೆಲನಿಯಾಗಿಯೂ, ಅಂದರೆ ಗಂಭೀರ ದರ್ಜೆಯ ಅಪರಾಧವಾಗಿಯೂ ಹೊರಿಸಬಹುದು, ಮೂರು ವರ್ಷದವರೆಗೆ ಶಿಕ್ಷೆ.

ಒಳಗೆ ಹೋಗುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದರ ಮೇಲೆ ಪ್ರಕರಣ ನಿಂತಿದೆ. ನಿಜವಾಗಿಯೂ ಮರೆತಿದ್ದರೆ ಅದು ಕಳವೇ ಅಲ್ಲ. ಆದರೆ ಆ ಕಥೆಯನ್ನು ಪೊಲೀಸರಿಗೂ ಅಂಗಡಿಯವರಿಗೂ ಹೇಳಲು ಹೋಗಬಾರದು, ದಯವಿಟ್ಟು ಇಲ್ಲಿಯೂ ಇನ್ನು ಬರೆಯಬೇಡಿ. ಅವನ ವಕೀಲರಿಗೆ ಮಾತ್ರ.

ಒಬ್ಬ ಸದಸ್ಯರು: ಇಷ್ಟಕ್ಕೆಲ್ಲ ವಕೀಲರೇಕೆ ಸರ್? ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು. ನನ್ನ ಪರಿಚಯದವರು ಹಾಗೇ ಮಾಡಿ, ಆಮೇಲೆ ದಾಖಲೆಯನ್ನೂ ಅಳಿಸಿಕೊಂಡರು.

ಉತ್ತರ: ನಿಮ್ಮ ಪರಿಚಯದವರು ಅಮೆರಿಕದ ಪ್ರಜೆಯಾಗಿದ್ದಿರಬೇಕು. ವೀಸಾದಲ್ಲಿರುವ ಹುಡುಗನಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ.

ರಾಜ್ಯದ ಕೋರ್ಟು ಅಳಿಸಿದ್ದನ್ನು ವಲಸೆ ಇಲಾಖೆ ಅಳಿಸುವುದಿಲ್ಲ. ಫೆಡರಲ್ ವಲಸೆ ಕಾನೂನಿನ ಲೆಕ್ಕದಲ್ಲಿ, ತಪ್ಪೊಪ್ಪಿಗೆಯ ಜೊತೆಗೆ ಏನಾದರೊಂದು ಶಿಕ್ಷೆಯೋ ನಿರ್ಬಂಧವೋ ಇದ್ದರೆ ಅದು ಅಪರಾಧ ನಿರ್ಣಯ. ಮುಂದೆ ಕೋರ್ಟು ಪ್ರಕರಣವನ್ನು ವಜಾ ಮಾಡಿದರೂ ಅದು ಉಳಿದುಕೊಳ್ಳುತ್ತದೆ. ಕಳವು ಸಾಮಾನ್ಯವಾಗಿ, ವೀಸಾಕ್ಕೆ ಕುತ್ತು ತರುವ ನೈತಿಕ ಅಧಃಪತನದ ಅಪರಾಧಗಳ ಸಾಲಿನಲ್ಲಿ ಬರುತ್ತದೆ. ಒಂದೇ ಒಂದು ಸಣ್ಣ ಪ್ರಕರಣಕ್ಕೆ ವಿನಾಯಿತಿ ಉಂಟು, ಎರಡನೆಯದಕ್ಕೆ ಇಲ್ಲ. ಮೇಲಾಗಿ 2024ರ ಪ್ರೊಪೊಸಿಷನ್ 36ರ ನಂತರ, ಎರಡು ಸಲ ಕಳವಿಗೆ ಶಿಕ್ಷೆಯಾದವನ ಮೂರನೆಯ ಕಳವನ್ನು, ಮೊತ್ತ ಹತ್ತು ಡಾಲರ್ ಆದರೂ, ಫೆಲನಿ ಮಾಡಬಹುದು. ಹಾಗಾಗಿ ಒಪ್ಪಿಕೊಂಡ ಒಂದೊಂದೂ ಲೆಕ್ಕಕ್ಕೆ ಸೇರುತ್ತದೆ.

ಕೇಳಬೇಕಾದದ್ದು ಡೈವರ್ಷನ್. ಪೀನಲ್ ಕೋಡ್ 1001.95ರ ಅಡಿ, ಪ್ರಾಸಿಕ್ಯೂಟರ್ ಬೇಡವೆಂದರೂ ನ್ಯಾಯಾಧೀಶರು ಮಿಸ್‌ಡಿಮೀನರ್ ಪ್ರಕರಣವನ್ನು ಎರಡು ವರ್ಷದವರೆಗೆ ತಡೆಹಿಡಿಯಬಹುದು. ಹೇಳಿದ ತರಗತಿಗೋ ಸಮುದಾಯ ಸೇವೆಗೋ ಹೋಗಿ ಮುಗಿಸಿದರೆ ವಜಾ. ಇದಕ್ಕೆ ತಪ್ಪೊಪ್ಪಿಗೆ ಬೇಕಿಲ್ಲ, ನಮಗೆ ಬೇಕಾದದ್ದೂ ಅದೇ. ಮೊದಲು ಒಪ್ಪಿಕೋ, ಆಮೇಲೆ ವಜಾ ಮಾಡುತ್ತೇವೆ ಎಂಬ ಒಪ್ಪಂದ ಬಂದರೆ ಒಪ್ಪಬೇಡಿ.

ಹಣವಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ಸರ್ಕಾರವೇ ಕೊಡುವ ವಕೀಲರು ಸಿಗುತ್ತಾರೆ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಕಕ್ಷಿದಾರನಿಗೆ ಹೇಳುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಾಚಿಕೊಳ್ಳದೆ ಕೇಳಲಿ.

ಇನ್ನೊಬ್ಬರು: ಕಾವಲಿನವನು ಕೈ ಹಿಡಿದಾಗ ಕೊಸರಿಕೊಂಡು ಓಡಿದ್ದರೆ?

ಉತ್ತರ: ಆಗ ನಾವು ಬೇರೆಯೇ ಪ್ರಕರಣ ಮಾತಾಡುತ್ತಿದ್ದೆವು. ಎದುರಿಗಿರುವವರಿಂದ ಬಲಪ್ರಯೋಗದಿಂದಲೋ ಹೆದರಿಸಿಯೋ ವಸ್ತುವನ್ನು ಒಯ್ದರೆ ರಾಬರಿ, ಕಲಂ 211. ವಸ್ತುವನ್ನು ಸದ್ದಿಲ್ಲದೆ ಎತ್ತಿಕೊಂಡಿದ್ದರೂ, ಅದನ್ನು ಉಳಿಸಿಕೊಳ್ಳಲು ಬಾಗಿಲಾಚೆ ಕಾವಲಿನವನನ್ನು ತಳ್ಳಿದರೆ ಸಾಕು. 1983ರ ಎಸ್ಟೆಸ್ ತೀರ್ಪಿನಿಂದ ಬಂದದ್ದು ಇದು. ಇಲ್ಲಿ 950ರ ಗೆರೆ ಇಲ್ಲ. ರಾಬರಿ ಯಾವಾಗಲೂ ಫೆಲನಿ. ಕೆಳಗಿನ ದರ್ಜೆಗೂ ಎರಡು, ಮೂರು ಅಥವಾ ಐದು ವರ್ಷ. ಮತ್ತೆ ಮತ್ತೆ ಗಂಭೀರ ಅಪರಾಧ ಮಾಡಿದವರ ಶಿಕ್ಷೆ ಹೆಚ್ಚಿಸುವ ಮೂರು ಸ್ಟ್ರೈಕ್‌ಗಳ ಕಾನೂನಿನಲ್ಲಿ ಒಂದು ಸ್ಟ್ರೈಕ್ ಕೂಡ. ಒಂದು ವರ್ಷವೋ ಹೆಚ್ಚೋ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ತಮ್ಮ ನಿಂತಲ್ಲೇ ನಿಂತದ್ದು ಅವನು ಆ ದಿನ ಮಾಡಿದ ಒಂದೇ ಬುದ್ಧಿವಂತಿಕೆ.

ಮತ್ತೊಬ್ಬರು: ನಮ್ಮ ಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು, ಮಗಳ ಸೈಕಲ್ ಹೋಯಿತು. ಪೊಲೀಸರು ಬರ್ಗ್ಲರಿ ಎಂದು ಬರೆದುಕೊಂಡರು. ಒಂದು ಸೈಕಲ್ಲಿಗೆ ಇಷ್ಟು ದೊಡ್ಡ ಅಪರಾಧವೇ?

ಉತ್ತರ: ಸರಿಯಾಗಿಯೇ ಬರೆದಿದ್ದಾರೆ. ಮನೆಗೆ ಅಂಟಿಕೊಂಡ ಗ್ಯಾರೇಜ್ ವಾಸದ ಮನೆಯ ಭಾಗ. ಅಲ್ಲಿಗೆ ಕದಿಯಲು ಬಂದರೆ ಮೊದಲ ದರ್ಜೆಯ ಬರ್ಗ್ಲರಿ, ಎರಡು, ನಾಲ್ಕು ಅಥವಾ ಆರು ವರ್ಷ. ಸೈಕಲ್ಲಿನ ಬೆಲೆ ಲೆಕ್ಕಕ್ಕಿಲ್ಲ, ಬಾಗಿಲು ತೆರೆದಿತ್ತೆಂಬುದೂ ಲೆಕ್ಕಕ್ಕಿಲ್ಲ. ಅದೇ ಸೈಕಲ್ ಅಂಗಳದಲ್ಲಿದ್ದಿದ್ದರೆ ಬರೀ ಕಳವು. ಕಾರಿನ ವಿಷಯದಲ್ಲಿ ಮಾತ್ರ 459ಕ್ಕೆ ಬಾಗಿಲು ಲಾಕ್ ಆಗಿರಬೇಕು. ಮನೆಗಿಲ್ಲದ ಷರತ್ತು ಕಾರಿಗೇಕೆ ಎಂದು ನನ್ನನ್ನು ಕೇಳಬೇಡಿ.

ಮೊದಲು ಕೇಳಿದವರು: ಧನ್ಯವಾದ ಸರ್. ಅಂಗಡಿಯ ಪರವಾಗಿ ಹಣ ಕಟ್ಟಿ ಎಂದು ಪತ್ರವೂ ಬಂದಿದೆ. ಕಟ್ಟಿದರೆ ಕೇಸು ಹೋಗುತ್ತದೆಯೇ? ಡಿಸೆಂಬರಿನಲ್ಲಿ ಅವನು ಊರಿಗೆ ಬರುವವನಿದ್ದ.

ಉತ್ತರ: ಹೋಗುವುದಿಲ್ಲ. ಅದು ಸಿವಿಲ್ ಬೇಡಿಕೆ. ಕಾನೂನಿನಲ್ಲಿ 50ರಿಂದ 500 ಡಾಲರಿನವರೆಗೆ ಕೇಳಲು ಅಂಗಡಿಗೆ ಅವಕಾಶವಿದೆ. ಕೇಸನ್ನು ನಡೆಸುವುದು ಅಂಗಡಿಯಲ್ಲ, ಸರ್ಕಾರ. ಪತ್ರವನ್ನು ವಕೀಲರಿಗೆ ಕೊಡಲಿ, ತಾನಾಗಿ ಉತ್ತರಿಸದಿರಲಿ.

ಪ್ರಯಾಣ ಸದ್ಯಕ್ಕೆ ಬೇಡ. ಕೋರ್ಟಿನ ತಾರೀಖು ತಪ್ಪಿದರೆ ವಾರಂಟ್ ಹೊರಡುತ್ತದೆ. ಮರಳಲು ವೀಸಾ ಸ್ಟ್ಯಾಂಪ್ ಬೇಕಾದರೆ ಡಿಎಸ್-160 ಅರ್ಜಿಯಲ್ಲಿ, ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿದೆಯೇ ಎಂದೂ ಕೇಳುತ್ತಾರೆ. ವಜಾ ಆದರೂ ಅಲ್ಲಿ ಮುಚ್ಚಿಡಬಾರದು. ಸುಳ್ಳು ಹೇಳಿದರೆ ಕಳವಿಗಿಂತ ದೊಡ್ಡ ತೊಂದರೆ. ಪ್ರಕರಣ ಮುಗಿದ ದಿನವೇ ಕೋರ್ಟಿನ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಲಿ. ನೋಟಿಸಿನ ತಾರೀಖಿಗೆ ಮುಂಚೆ ಕ್ರಿಮಿನಲ್ ವಕೀಲರನ್ನೂ ವಲಸೆ ವಕೀಲರನ್ನೂ ಒಟ್ಟಿಗೆ ಕಾಣಲಿ. ಅಪ್ಪ ಅಮ್ಮನಿಗೆ ಹೇಳುವುದನ್ನು ನೀವಿಬ್ಬರೂ ತೀರ್ಮಾನಿಸಿ, ಅದು ನನ್ನ ಕಲಂ ಅಲ್ಲ.